ಕಾರಿನ ಗಾಜು ಏರಿಸಿದ್ದು ಯಾರು?

ಸಾಗರ ತಾಲೂಕಿನ ಓದುಗರೊಬ್ಬರು ಸಿಟ್ಟಿನಿಂದ ಬರೆದಿದ್ದಾರೆ: "ನಮ್ಮೂರ ಹುಡುಗ ಟೀವಿ ಹಾಡಿನ ಸ್ಪರ್ಧೆಯಲ್ಲಿ ಗೆದ್ದ. ಸರ್ಕಲ್ಲಿನಲ್ಲಿ ದೊಡ್ಡ ಫ್ಲೆಕ್ಸ್ ಕಟ್ಟಿಸಿದೆವು, ಜೀಪಿನಲ್ಲಿ ಮೆರವಣಿಗೆ ಮಾಡಿದೆವು. ದೀಪಾವಳಿಗೆ ಬಂದವನು ಕಾರಿನ ಗಾಜನ್ನೂ ಇಳಿಸಲಿಲ್ಲ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಅನ್ನೋದು ಸುಳ್ಳಲ್ಲ."

ಗಾಜು ಇಳಿಸಬೇಕಿತ್ತು, ಒಪ್ಪಿದೆ. ಎತ್ತಿ ಆಡಿಸಿದವರನ್ನು ಕಂಡು ನಗಲಿಕ್ಕೆ ದುಡ್ಡು ಕೊಡಬೇಕಾಗಿಲ್ಲ. ಆದರೆ ಮಾರಾಯ್ರೇ, ಮೀಸೆ ಸರಿಯಾಗಿ ಮೂಡದ ಹುಡುಗನನ್ನು ಜೀಪು ಹತ್ತಿಸಿ ಊರೆಲ್ಲ ಸುತ್ತಿಸಿದವರು ನೀವು. ಈಗ ಇಳಿಯಲಿಲ್ಲ ಅಂತ ಬೈಯುವವರೂ ನೀವೇ. ಕೊಡೆ ತಂದುಕೊಟ್ಟವರ ಸುದ್ದಿ ನಿಮ್ಮ ಗಾದೆಯಲ್ಲಿಲ್ಲ, ಅಲ್ವಾ? (ನಮ್ಮ ಕಡೆ ಆಷಾಢದಲ್ಲಿ ಅರ್ಧರಾತ್ರಿ ಹೊರಬಿದ್ದರೆ ಯಾರಾದರೂ ಕೊಡೆ ಹಿಡಿಯಲೇಬೇಕು, ಅದು ಬೇರೆ ಮಾತು.)

ನಾನು ಹುಡುಗನಾಗಿದ್ದಾಗ ಯಕ್ಷಗಾನದ ಆಟ ನೋಡಿ ಬೆಳಗಿನ ಮೊದಲ ಬಸ್ಸಿಗೆ ಮನೆಗೆ ಬರುತ್ತಿದ್ದೆವು. ಒಮ್ಮೆ ರಾತ್ರಿಯಿಡೀ ಕೌರವನಾಗಿ ರಂಗಸ್ಥಳ ನಡುಗಿಸಿದವರು ಅದೇ ಬಸ್ಸು ಹತ್ತಿದರು. ಸೀಟಿರಲಿಲ್ಲ. ಕಂಬಿ ಹಿಡಿದು ನಿಂತರು. ಕಿವಿಯ ಹಿಂದೆ ಬಣ್ಣ ಇನ್ನೂ ಉಳಿದಿತ್ತು. ಕಂಡಕ್ಟರ್ "ಸ್ವಲ್ಪ ಹಿಂದೆ ಹೋಗ್ರಿ" ಎಂದ. ಕೌರವ ಹೋದ. ಅವರು ದೊಡ್ಡ ಸಂತರೇನಲ್ಲ, ಬಣ್ಣ ಹಚ್ಚುವ ಚೌಕಿಯಲ್ಲಿ ಪಾತ್ರಕ್ಕಾಗಿ ಜಗಳ ಆಡುತ್ತಿದ್ದರಂತೆ. ಕಂಡಕ್ಟರ್ ಸುಮ್ನೆ ತನ್ನ ಕೆಲಸ ಮಾಡಿದ, ಅಷ್ಟೇ. ಅಂಥ ಕಂಡಕ್ಟರುಗಳು ಈಗ ಕಮ್ಮಿಯಾಗಿದ್ದಾರೆ.

ನಿಮ್ಮ ತಾಲೂಕಿನ ಹೆಗ್ಗೋಡನ್ನೇ ನೋಡಿ. 1949ರಲ್ಲಿ ಅಲ್ಲಿ ಹುಟ್ಟಿದ ನಾಟಕ ಸಂಸ್ಥೆ ನೀನಾಸಂ ಅಂದರೆ ನೀಲಕಂಠೇಶ್ವರ ನಾಟ್ಯಸೇವಾ ಸಂಘ. ಹೆಸರಲ್ಲಿ ದೇವರಿದ್ದಾನೆ, ಅದನ್ನು ಕಟ್ಟಿ ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಲ್ಲ. 1991ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಆಮೇಲೂ ಅದೇ ಊರು, ಅದೇ ಅಡಿಕೆ ತೋಟ. ಅಡಿಕೆಗೆ ಕೊಳೆರೋಗ ಬರುವಾಗ ಇದು ಯಾರ ತೋಟ ಅಂತ ಕೇಳಿಕೊಂಡು ಬರುವುದಿಲ್ಲ. ನಿಮ್ಮ ಹುಡುಗನಿಗೆ ಅಂಥದ್ದೊಂದು ಕೆಲಸವನ್ನು ಊರಲ್ಲಿ ಉಳಿಸಿದ್ದೀರಾ? ದೇವಸ್ಥಾನದ ಭಜನೆಯಲ್ಲಿ ಅವನು ಮೊದಲು ಕೂರುತ್ತಿದ್ದ ಜಾಗ ಹಾಗೇ ಇದೆಯಾ? ಅಥವಾ ಮುಂದೆ ಕುರ್ಚಿ ಹಾಕಿಬಿಟ್ಟಿರಾ?

ಈ ಸನ್ಮಾನದ ಹುಚ್ಚು ಈಗ ಜಾಸ್ತಿಯಾಗಿದೆ. ಪೇಟ, ಶಾಲು, ಹಣ್ಣಿನ ಬುಟ್ಟಿ, ಅರ್ಧ ಗಂಟೆ ಪರಿಚಯ ಭಾಷಣ. ಹಾಡುವವನಿಗೆ ಹಾಡಲು ಐದು ನಿಮಿಷ. ಶಿವಮೊಗ್ಗದ ಒಂದು ಸಮಾರಂಭದಲ್ಲಿ ನನ್ನನ್ನೂ ಕೂರಿಸಿದ್ದರು. ಎರಡು ಗಂಟೆಯಾದರೂ ಊಟವಿಲ್ಲ. "ಮಲೆನಾಡಿನ ಅಕ್ಷರಸಿಂಹ" ಎಂದರು. ಹೊಟ್ಟೆ ಹಸಿದಿತ್ತು, ಆದರೂ ಸುಳ್ಳು ಹೇಳಲಾರೆ, ಕೇಳಲಿಕ್ಕೆ ಚೆನ್ನಾಗಿತ್ತು. ಮನೆಗೆ ಬಂದು ಎರಡು ದಿನ ಹೆಂಡತಿಯ ಹತ್ತಿರವೂ ಸ್ವಲ್ಪ ಗಂಭೀರವಾಗಿಯೇ ಮಾತಾಡಿದೆ. ಮೂರನೇ ದಿನ ಅವಳು ಕೈಗೆ ಚೀಲ ಕೊಟ್ಟು, "ಸಿಂಹ, ಸ್ವಲ್ಪ ಕೊತ್ತಂಬರಿ ಸೊಪ್ಪು ತನ್ನಿ" ಎಂದಳು.