ಕಲಬುರಗಿ ಹತ್ತಿರದ ಹಳ್ಳಿ ಶಾಲೆಯ 8ನೇ ತರಗತಿಗೆ ಮೊದಲು ಯಾವ ಸರ್ಕ್ಯೂಟ್ ಕಟ್ಟಿಸಬೇಕು?

ಕತ್ತಲಾದರೆ ತಾನೇ ಹೊತ್ತುವ ದೀಪ. ಬಿಸಿಲಿಗೆ ನಮ್ಮಲ್ಲಿ ಬರವಿಲ್ಲ, ಕಿಟಕಿ ಪಕ್ಕ ಕೂತರೆ ಪರೀಕ್ಷೆ ಅಲ್ಲೇ ಆಗುತ್ತದೆ.

ಇಬ್ಬರಿಗೊಂದು ಸೆಟ್ ಸಾಕು: ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ತಂತಿ ಚುಚ್ಚಿ ಜೋಡಿಸುವ ತೂತಿನ ಹಲಗೆ), 9 ವೋಲ್ಟ್ ಬ್ಯಾಟರಿ, ಕೆಂಪು ಎಲ್ಇಡಿ, ಬಿಸಿ547 ಟ್ರಾನ್ಸಿಸ್ಟರ್ (ಇಲ್ಲಿ ದೀಪದ ಸ್ವಿಚ್ಚಿನಂತೆ ಕೆಲಸ ಮಾಡುತ್ತದೆ), ಎಲ್‌ಡಿಆರ್ (ಬೆಳಕಿನಲ್ಲಿ ರೋಧ ಇಳಿದು, ಕತ್ತಲಲ್ಲಿ ಏರುವ ರೆಸಿಸ್ಟರ್), 470 ಓಮ್ ಮತ್ತು 100 ಕಿಲೋ ಓಮ್ ರೆಸಿಸ್ಟರ್.

ಮೊದಲು ಎಲ್ಇಡಿ, 470 ಓಮ್ ಮಾತ್ರ ಜೋಡಿಸಿ ಹೊತ್ತಿಸಲಿ. ಕೆಂಪು ಎಲ್ಇಡಿ ಸುಮಾರು 2 ವೋಲ್ಟ್ ಹಿಡಿಯುತ್ತದೆ; ಉಳಿದ 7 ಅನ್ನು 470ರಿಂದ ಭಾಗಿಸಿದರೆ ಸುಮಾರು 0.015 ಆಂಪಿಯರ್, ಅಂದರೆ 15 ಮಿಲಿಆಂಪಿಯರ್. ಈ ಲೆಕ್ಕ ಮಕ್ಕಳೇ ಮಾಡಬೇಕು. ರೆಸಿಸ್ಟರ್ ಬಿಟ್ಟರೆ ಎಲ್ಇಡಿ ಸುಡುತ್ತದೆ.

ಆಮೇಲೆ ಟ್ರಾನ್ಸಿಸ್ಟರ್. ಚಪ್ಪಟೆ ಮುಖ ನಮ್ಮ ಕಡೆ, ಕಾಲು ಕೆಳಗೆ ಇದ್ದಾಗ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಪ್ಲಸ್‌ನಿಂದ 470 ಓಮ್, ಎಲ್ಇಡಿ ಮೂಲಕ ಕಲೆಕ್ಟರ್‌ಗೆ. ಪ್ಲಸ್‌ನಿಂದ 100 ಕಿಲೋ ಬೇಸ್‌ಗೆ. ಬೇಸ್‌ನಿಂದ ಎಲ್‌ಡಿಆರ್ ಮೈನಸ್‌ಗೆ. ಎಮಿಟರ್ ನೇರ ಮೈನಸ್‌ಗೆ.

ದೀಪ ಆರುತ್ತಲೇ ಇಲ್ಲವೇ? ಕೋಣೆ ಮಬ್ಬಾಗಿದೆ, 100ರ ಬದಲು 220 ಕಿಲೋ ಹಾಕಿ. ಹೊತ್ತುತ್ತಲೇ ಇಲ್ಲವೇ? ಎಲ್ಇಡಿ ತಿರುಗಿಸಿ ನೋಡಿ, ಉದ್ದ ಕಾಲು ಪ್ಲಸ್ ಕಡೆಗೇ ಬರಬೇಕು. ಇನ್ನೊಂದು: ಎಲ್‌ಡಿಆರ್ ಮುಚ್ಚಲು ಬೆರಳು ಸಾಲದು, ಬೆಳಕು ನುಸುಳುತ್ತದೆ. ಕಪ್ಪು ಪೆನ್ನಿನ ಮುಚ್ಚಳ ಕವುಚಿ.