ಸಂಡೂರಿನಿಂದ ಬಂದ ಪ್ರಶ್ನೆ: ಲೋಹ ಎಲ್ಲಿಂದ ತರುತ್ತೀರಿ?

ಸಂಡೂರು ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ ಸೌರ, ಪವನ ವಿದ್ಯುತ್ತನ್ನು ನೀವು ಮನಸಾರೆ ಸ್ವಾಗತಿಸಿದ್ದೀರಿ. ಅದಕ್ಕೆ ಬೇಕಾದ ತಾಮ್ರ, ಲಿಥಿಯಂ, ನಿಕ್ಕಲ್, ಕೋಬಾಲ್ಟ್ ಎಲ್ಲಿಂದ ಬರಬೇಕು? ಭೂಮಿಯಲ್ಲಿ ಅಷ್ಟು ಲೋಹವೇ ಇಲ್ಲವೆಂದು ಫಿನ್ಲೆಂಡಿನಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರಂತೆ. ಇದೆ ಎಂದೇ ಇಟ್ಟುಕೊಳ್ಳಿ, ಅದೂ ಗಣಿಯಿಂದಲೇ ಬರಬೇಕಲ್ಲವೇ? ನಾವು ಕೆಂಧೂಳು ಉಸಿರಾಡಿ ಬೆಳೆದವರು. ಕಲ್ಲಿದ್ದಲ ಗಣಿ ಮುಚ್ಚಿ ತಾಮ್ರದ ಗಣಿ ತೆರೆದರೆ ನಮ್ಮಂಥ ಊರುಗಳಿಗೆ ಏನು ಬದಲಾಯಿತು?"

ಸಂಪಾದಕರ ಉತ್ತರ:

ಮಾನ್ಯರೇ, ನಿಮ್ಮ ಮೊದಲ ಪ್ರಶ್ನೆ ಲೆಕ್ಕದ್ದು. ಎರಡನೆಯದು ನ್ಯಾಯದ್ದು. ಲೆಕ್ಕವನ್ನು ಮೊದಲು ಮುಗಿಸುತ್ತೇನೆ.

ನೀವು ಹೇಳುತ್ತಿರುವುದು ಫಿನ್ಲೆಂಡಿನ ಭೂವಿಜ್ಞಾನ ಸಂಸ್ಥೆಯಲ್ಲಿದ್ದ ಸೈಮನ್ ಮಿಶೋ ಅವರ 2021ರ ದೊಡ್ಡ ವರದಿಯ ಬಗ್ಗೆ ಇರಬೇಕು. ಈ ವಿಷಯವನ್ನು ತಜ್ಞರ ಕೋಣೆಯಿಂದ ಬೀದಿಗೆ ತಂದದ್ದು ಆ ವರದಿಯೇ, ಅದಕ್ಕೆ ಅವರಿಗೆ ಗೌರವ ಸಲ್ಲಬೇಕು. ಆದರೆ ಅವರ ಲೆಕ್ಕದ ಅಡಿಗಲ್ಲು ಒಂದು ಊಹೆ: ಗಾಳಿ, ಬಿಸಿಲು ಕೈಕೊಟ್ಟ ದಿನಗಳಿಗಾಗಿ ಜಗತ್ತು ನಾಲ್ಕು ವಾರದ ವಿದ್ಯುತ್ತನ್ನು ಲಿಥಿಯಂ ಬ್ಯಾಟರಿಗಳಲ್ಲಿ ತುಂಬಿಡಬೇಕು ಎಂಬುದು. ಹಾಗೆ ಯಾವ ದೇಶವೂ ಯೋಜಿಸಿಲ್ಲ. ಈಗ ಗ್ರಿಡ್‌ಗೆ ಜೋಡಿಸುತ್ತಿರುವ ಬ್ಯಾಟರಿಗಳು ಹೆಚ್ಚಾಗಿ ಎರಡರಿಂದ ನಾಲ್ಕು ಗಂಟೆಯವು. ವಾರಗಳನ್ನು ತೆಗೆದು ಗಂಟೆಗಳನ್ನು ಹಾಕಿ ನೋಡಿ, ಲಿಥಿಯಂ, ಕೋಬಾಲ್ಟ್, ನಿಕ್ಕಲ್‌ಗಳ ಆ ಬೃಹತ್ ಕೊರತೆಯ ಬಹುಪಾಲು ಕರಗಿಹೋಗುತ್ತದೆ. (ಬ್ಯಾಟರಿಯ ಬದಲು ನೀರನ್ನು ಮೇಲೆತ್ತಿ ಇಡುವ ದಾರಿಯೂ ಇದೆ. ಆದರೆ ಶರಾವತಿ ಕಣಿವೆಯಲ್ಲಿ, ಸಿಂಗಳೀಕಗಳ ಅಭಯಾರಣ್ಯದಲ್ಲಿ 2,000 ಮೆಗಾವ್ಯಾಟಿನ ಅಂಥ ಯೋಜನೆ ಬೇಡವೆಂಬ ನಮ್ಮ ನಿಲುವಿನಲ್ಲಿ ಬದಲಾವಣೆಯಿಲ್ಲ.)

ನೆಲದೊಳಗೆ ಎಷ್ಟಿದೆ ಎಂಬ ಅಂಕಿಯನ್ನೂ ಎಚ್ಚರದಿಂದ ಓದಬೇಕು. 1970ರಲ್ಲಿ ಜಗತ್ತಿನ ತಾಮ್ರದ ನಿಕ್ಷೇಪ ಸುಮಾರು 28 ಕೋಟಿ ಟನ್ ಎಂದು ಅಂದಾಜಿಸಿದ್ದರು. 2011ರ ಹೊತ್ತಿಗೆ ಅದಕ್ಕಿಂತ ಹೆಚ್ಚು, ಹತ್ತಿರ ಹತ್ತಿರ 40 ಕೋಟಿ ಟನ್ ತಾಮ್ರವನ್ನು ಅಗೆದೂ ಆಗಿತ್ತು. ಆದರೂ ಆ ವರ್ಷದ ನಿಕ್ಷೇಪ 69 ಕೋಟಿ ಟನ್. ಈಗ ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣೆ ಅದನ್ನು ಸುಮಾರು 100 ಕೋಟಿ ಟನ್ ಎನ್ನುತ್ತದೆ. ಇದರಲ್ಲಿ ಮಾಯವೇನಿಲ್ಲ. ಇಂದಿನ ಬೆಲೆಯಲ್ಲಿ, ಇಂದಿನ ಯಂತ್ರಗಳಿಂದ ತೆಗೆದರೆ ಗಿಟ್ಟುವ ಅದಿರಿಗಷ್ಟೇ ನಿಕ್ಷೇಪದ ಲೆಕ್ಕದಲ್ಲಿ ಜಾಗ. ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿದಾಗ ಅಲ್ಲಿ ಚಿನ್ನ ಮುಗಿದಿರಲಿಲ್ಲ. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಅದನ್ನು ಎತ್ತುವ ಖರ್ಚು ಸಿಗುವ ಚಿನ್ನದ ಬೆಲೆಯನ್ನು ಮೀರಿತ್ತು. ಚಿನ್ನದ ಬೆಲೆ ಏರಿದ ಮೇಲೆ ಅದಿರು ಸಂಸ್ಕರಿಸಿ ಉಳಿದ ತ್ಯಾಜ್ಯದ ರಾಶಿಗಳಾದ ಅಲ್ಲಿನ ಸೈನೈಡ್ ದಿಬ್ಬಗಳಿಂದಲೇ ಚಿನ್ನ ತೆಗೆಯುವ ಮಾತು ಮತ್ತೆ ನಡೆದಿದೆ.

ಹಾಗಾದರೆ ಕೊರತೆಯೇ ಇಲ್ಲವೇ? ಇದೆ, ಅದು ಕಾಲದ್ದು. ಅದಿರು ಪತ್ತೆಯಾದ ದಿನದಿಂದ ಗಣಿ ಉತ್ಪಾದನೆಗೆ ಬರಲು ಸರಾಸರಿ 16 ವರ್ಷ ಹಿಡಿಯುತ್ತದೆ ಎಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಲೆಕ್ಕ ಹಾಕಿದೆ. ಈಗ ಘೋಷಣೆಯಾಗಿರುವ ಗಣಿಗಳೆಲ್ಲ ಶುರುವಾದರೂ 2035ರಲ್ಲಿ ತಾಮ್ರಕ್ಕೆ ಶೇ 30ರಷ್ಟು ಕೊರತೆ ಬೀಳಬಹುದು ಎಂದೂ ಅದು ಎಚ್ಚರಿಸಿದೆ. ಚಿಲಿಯ ಹಳೆಯ ಗಣಿಗಳಲ್ಲಿ ಅದಿರಿನ ಸತ್ವ ಇಳಿಯುತ್ತಿದೆ. ಪನಾಮದಲ್ಲಿ ಜನ ಬೀದಿಗಿಳಿದು, ಸುಪ್ರೀಂ ಕೋರ್ಟ್ ಒಪ್ಪಂದವನ್ನು ರದ್ದು ಮಾಡಿ, ಜಗತ್ತಿನ ತಾಮ್ರದ ಶೇ 1ರಷ್ಟನ್ನು ಕೊಡುತ್ತಿದ್ದ ಕೋಬ್ರೆ ಪನಾಮ ಗಣಿ 2023ರ ಕೊನೆಯಲ್ಲಿ ನಿಂತುಹೋಯಿತು. ತಾಮ್ರದ ಬಗ್ಗೆ ನಿಮ್ಮಷ್ಟೇ ಚಿಂತೆ ನನಗೂ ಇದೆ.

ಬ್ಯಾಟರಿ ಲೋಹಗಳ ಕತೆ ಬೇರೆ. ಕಾಂಗೋದ ಕೋಲ್ವೆಜಿ ಸುತ್ತಮುತ್ತ ಮಕ್ಕಳೂ ಗುಂಡಿಗಿಳಿದು ಕೋಬಾಲ್ಟ್ ಆಯುವ ಚಿತ್ರಗಳನ್ನು ನೋಡಿ, ವಿದ್ಯುತ್ ವಾಹನವೆಂದರೆ ಇದೇ ಎಂದು ನಂಬಿದವರು ಬಹಳ. ಆದರೆ ಕೋಬಾಲ್ಟಾಗಲಿ ನಿಕ್ಕಲ್ಲಾಗಲಿ ಇಲ್ಲದ ಬ್ಯಾಟರಿಯೂ ಇದೆ. ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಗುಡೆನಫ್ ಅವರ ತಂಡ 1990ರ ದಶಕದಲ್ಲಿ ಕಂಡುಕೊಂಡ ವಸ್ತು ಅದು: ಲಿಥಿಯಂ, ಫಾಸ್ಫೇಟ್, ಜೊತೆಗೆ ನಿಮ್ಮೂರಿಗೆ ಚೆನ್ನಾಗಿ ಗೊತ್ತಿರುವ ಕಬ್ಬಿಣ. 2024ರಲ್ಲಿ ಜಗತ್ತಿನ ವಿದ್ಯುತ್ ವಾಹನಗಳ ಬ್ಯಾಟರಿಯಲ್ಲಿ ಹೆಚ್ಚೂಕಡಿಮೆ ಅರ್ಧ ಈ ಬಗೆಯದೇ. ಲಿಥಿಯಂ ಬೆಲೆ 2022ರಲ್ಲಿ ಆಕಾಶಕ್ಕೇರಿ, ಮುಂದಿನ ಎರಡು ವರ್ಷಗಳಲ್ಲಿ ಶೇ 80ಕ್ಕೂ ಹೆಚ್ಚು ಕುಸಿಯಿತು. ಬೆಲೆ ಏರಿದಾಗ ಹೊಸ ಗಣಿಗಳೂ ಬರುತ್ತವೆ, ಬದಲಿ ವಸ್ತುಗಳೂ ಬರುತ್ತವೆ. ಇಂದಿನ ಬಳಕೆಯನ್ನು ಸುಮ್ಮನೆ ಮುಂದಕ್ಕೆ ಗುಣಿಸಿದ ಅಂಕಿಗಳನ್ನು ನಾನು ನಂಬದಿರುವುದು ಇದಕ್ಕೇ.

ಇನ್ನು, ಕಲ್ಲಿದ್ದಲ ಗಣಿಯ ಜಾಗದಲ್ಲಿ ತಾಮ್ರದ ಗಣಿ ಬಂದರೆ ಏನು ಬದಲಾಯಿತು ಎಂಬ ಮಾತು. ಪಾವಗಡವನ್ನೇ ತೆಗೆದುಕೊಳ್ಳಿ. 2,050 ಮೆಗಾವ್ಯಾಟಿನ ಆ ಸೌರ ಪಾರ್ಕ್‌ಗೆ, ಮೆಗಾವ್ಯಾಟಿಗೆ 2.8 ಟನ್‌ನಂತೆ, ಸುಮಾರು 5,700 ಟನ್ ತಾಮ್ರ ಬೇಕು. ಅದಿರಿನಲ್ಲಿ ತಾಮ್ರ ಶೇ 0.6 ಎಂದುಕೊಂಡರೆ ಹತ್ತು ಲಕ್ಷ ಟನ್ ಅದಿರಾಯಿತು. ಅದರ ಮೇಲಿನ ನಿರುಪಯುಕ್ತ ಕಲ್ಲು ಅದರ ಎರಡರಷ್ಟು ಎಂದು ಧಾರಾಳವಾಗಿಯೇ ಹಿಡಿಯೋಣ, ಒಟ್ಟು 30 ಲಕ್ಷ ಟನ್. ಇದು ಒಂದು ಸಲದ ಅಗೆತ. ಪಾವಗಡ ವರ್ಷಕ್ಕೆ ಕೊಡುವಷ್ಟೇ ವಿದ್ಯುತ್ತನ್ನು ರಾಯಚೂರಿನ ಶಾಖೋತ್ಪನ್ನ ಸ್ಥಾವರದಲ್ಲಿ ತೆಗೆಯಲು, ಪ್ಯಾನೆಲ್‌ಗಳಿಗೆ ರಾತ್ರಿ ಕೆಲಸವಿಲ್ಲವೆಂಬುದನ್ನು ಲೆಕ್ಕಕ್ಕೆ ಹಿಡಿದೇ ಹೇಳುತ್ತಿದ್ದೇನೆ, 25 ಲಕ್ಷ ಟನ್ನಿಗಾದರೂ ಕಲ್ಲಿದ್ದಲು ಸುಡಬೇಕು. ಅದು ಪ್ರತಿ ವರ್ಷ, ಇಪ್ಪತ್ತೈದು ವರ್ಷ. ಮೇಲಾಗಿ ತೆರೆದ ಗಣಿಯಲ್ಲಿ ಒಂದು ಟನ್ ಕಲ್ಲಿದ್ದಲಿಗೆ ಎರಡು ಘನ ಮೀಟರಿಗೂ ಹೆಚ್ಚು ಮಣ್ಣು, ಕಲ್ಲು ಸರಿಸಬೇಕು. ಉಕ್ಕು, ಅಲ್ಯೂಮಿನಿಯಂ ಸೇರಿಸಿದರೂ ಈ ಅಂತರ ಅಳಿಯುವುದಿಲ್ಲ. ಸುಟ್ಟ ಕಲ್ಲಿದ್ದಲು ಬೂದಿ, ಹೊಗೆ. ತಾಮ್ರವನ್ನು ಇಪ್ಪತ್ತೈದು ವರ್ಷದ ನಂತರ ಗುಜರಿಯವನು ದುಡ್ಡು ಕೊಟ್ಟು ಕೊಂಡೊಯ್ಯುತ್ತಾನೆ.

ಕರ್ನಾಟಕದಲ್ಲಿ ಕಲ್ಲಿದ್ದಲಿಲ್ಲ. ಸಿಂಗರೇಣಿಯಿಂದ, ಒಡಿಶಾದಿಂದ, ಮಹಾರಾಷ್ಟ್ರದಿಂದ ತರಿಸಿ ಸುಡುತ್ತೇವೆ. ಆ ಊರುಗಳವರು ನಮಗಾಗಿ ಕುಡಿದ ಧೂಳು ನಮ್ಮ ಕಣ್ಣಿಗೆ ಬೀಳಲಿಲ್ಲ.

ಒಟ್ಟು ಟನ್ ಕಡಿಮೆಯಾಯಿತೆಂಬುದು ಗಣಿ ಬಿದ್ದ ಊರಿಗೆ ಸಮಾಧಾನವಲ್ಲ, ಒಪ್ಪುತ್ತೇನೆ. ಅಟಕಾಮ ಮರುಭೂಮಿಯಲ್ಲಿ ಉಪ್ಪುನೀರನ್ನು ಆವಿ ಮಾಡಿ ಲಿಥಿಯಂ ತೆಗೆಯುವಾಗ ಅಲ್ಲಿನ ಮೂಲನಿವಾಸಿಗಳು ತಮ್ಮ ನೀರಿನ ಬಗ್ಗೆ ಕೇಳುವ ಪ್ರಶ್ನೆಗೆ ಟನ್‌ಗಳಲ್ಲಿ ಉತ್ತರವಿಲ್ಲ. ಇಂಡೋನೇಷ್ಯಾದಲ್ಲಿ ನಿಕ್ಕಲ್‌ಗಾಗಿ ಕಾಡು ಕಡಿದು, ಅದನ್ನು ಕರಗಿಸಲು ಹೊಸ ಕಲ್ಲಿದ್ದಲ ಸ್ಥಾವರಗಳನ್ನೇ ಕಟ್ಟಿದ್ದಾರೆ. ಇದನ್ನು ಹಸಿರು ಎಂದು ಕರೆಯಲು ನನಗೆ ಮನಸ್ಸಿಲ್ಲ.

ಆದ್ದರಿಂದಲೇ ತೆಗೆದ ಲೋಹವನ್ನು ಯಾವುದಕ್ಕೆ ಬಳಸುತ್ತೇವೆ ಎಂಬುದು ಮುಖ್ಯ. ಶ್ರೀರಂಗಪಟ್ಟಣದ ಬಳಿಯ ಮರಳಗಾಲ, ಅಲ್ಲಾಪಟ್ಟಣಗಳ ಲಿಥಿಯಂ 14,100 ಟನ್ ಎಂದು 2020ರಲ್ಲಿ ಸುದ್ದಿಯಾಗಿತ್ತು. ಸರ್ಕಾರ ಆಮೇಲೆ ಹೇಳಿದ್ದು 1,600 ಟನ್. ಅಷ್ಟೂ ಕೈಗೆ ಸಿಕ್ಕಿತು ಎನ್ನಿ, 75 ಯೂನಿಟ್ ಬ್ಯಾಟರಿಯ ದೊಡ್ಡ ಕಾರುಗಳಾದರೆ 1.8 ಲಕ್ಷಕ್ಕೆ ಮುಗಿಯುತ್ತದೆ. ಮೂರು ಯೂನಿಟ್‌ನ ಸ್ಕೂಟರುಗಳಾದರೆ 45 ಲಕ್ಷ. ಒಂದು ಕಾರಿನ ಬ್ಯಾಟರಿಯಲ್ಲಿ ಇಪ್ಪತ್ತೈದು ಸ್ಕೂಟರ್ ಓಡುತ್ತವೆ, ಮೂರು ನಾಲ್ಕು ಕಾರಿನ ಬ್ಯಾಟರಿಯಲ್ಲಿ ದಿನವಿಡೀ ಜನರನ್ನು ಹೊರುವ ಒಂದು ಬಸ್ಸು ಓಡುತ್ತದೆ. ಸರ್ಕಾರದ ರಿಯಾಯಿತಿ ಬಸ್ಸಿಗೆ ಮತ್ತು ಸ್ಕೂಟರಿಗೆ ಸಲ್ಲಬೇಕು, ಎರಡು ಟನ್ ತೂಕದ ಒಂಟಿ ಸವಾರಿಯ ಕಾರಿಗಲ್ಲ. ಲೋಹದ ಬೇಡಿಕೆ ತಗ್ಗಿಸಲು ಇದಕ್ಕಿಂತ ಬೇಗ ಫಲ ಕೊಡುವ ದಾರಿ ನನಗೆ ಕಾಣುತ್ತಿಲ್ಲ.

ಮತ್ತೊಂದು ಮಾತು ನಿಮ್ಮ ತಾಲ್ಲೂಕಿನ ಅನುಭವಕ್ಕೆ ನೇರ ಸಂಬಂಧಿಸಿದ್ದು. ಬಳ್ಳಾರಿಯಲ್ಲಿ ಗಣಿಗಾರಿಕೆ ಅದಿರಿನ ಕೊರತೆಯಿಂದ ನಿಲ್ಲಲಿಲ್ಲ. 2011ರಲ್ಲಿ ಲೋಕಾಯುಕ್ತ ವರದಿ ಬಂದು, ಸುಪ್ರೀಂ ಕೋರ್ಟ್ ತಡೆ ಹಾಕಿ ನಿಂತಿತು. ಅಷ್ಟರೊಳಗೆ ಆಗಬಾರದ್ದೆಲ್ಲ ಆಗಿತ್ತು. ಊರಿನವರ ಮಾತನ್ನು ಮೊದಲೇ ಕೇಳಿದ್ದರೆ ಎಷ್ಟು ಉಳಿಯುತ್ತಿತ್ತೆಂದು ನಿಮಗೆ ನಾನು ಹೇಳಬೇಕಿಲ್ಲ. ಹೀಗಿರುವಾಗ 2025ರ ಸೆಪ್ಟೆಂಬರಿನಲ್ಲಿ ಕೇಂದ್ರ ಪರಿಸರ ಸಚಿವಾಲಯ, ಲಿಥಿಯಂ, ಕೋಬಾಲ್ಟ್, ನಿಕ್ಕಲ್ ಮುಂತಾದ ಖನಿಜಗಳ ಗಣಿ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆಯಿಂದಲೇ ವಿನಾಯಿತಿ ಕೊಟ್ಟಿದೆ. ದೇಶಕ್ಕೆ ಈ ಲೋಹ ತುರ್ತಾಗಿ ಬೇಕು ಎಂಬುದು ಅದರ ಸಮರ್ಥನೆ. ತುರ್ತು ನಿಜ. ಆದರೆ ಹದಿನಾರು ವರ್ಷ ಹಿಡಿಯುವ ಕೆಲಸದಲ್ಲಿ ಊರವರ ಒಂದು ದಿನದ ಸಭೆಯನ್ನು ಕಿತ್ತುಹಾಕಿ ಎಷ್ಟು ಸಮಯ ಉಳಿಸಿದಂತಾಯಿತು? ಪನಾಮದಲ್ಲಿ ಜನರನ್ನು ಬದಿಗಿಟ್ಟು ಮಾಡಿಕೊಂಡ ಒಪ್ಪಂದ, ಗಣಿ ಕಟ್ಟಿ ಮುಗಿಸಿದ ಮೇಲೆ ಬಿದ್ದುಹೋಯಿತು.

ಈ ವಿನಾಯಿತಿಯನ್ನು ಸರ್ಕಾರ ಹಿಂದಕ್ಕೆ ಪಡೆಯಬೇಕು. ಸೌರ, ಪವನ ವಿದ್ಯುತ್ತಿನ ಪರವಾಗಿ ಬರೆಯುವುದನ್ನು ನಾವು ನಿಲ್ಲಿಸುವುದಿಲ್ಲ, ಆ ವಿದ್ಯುತ್ತಿನ ಪರವಾಗಿರುವವರೇ ಇದನ್ನು ಗಟ್ಟಿಯಾಗಿ ಕೇಳಬೇಕೆಂಬುದು ನಮ್ಮ ನಿಲುವು. ಗಣಿಬಾಧಿತರಿಗಾಗಿ ಗಣಿ ಮಾಲೀಕರಿಂದ ವಸೂಲು ಮಾಡುವ ಜಿಲ್ಲಾ ಖನಿಜ ನಿಧಿಯ ಹಣ ನಿಮ್ಮ ಸುತ್ತಲಿನ ಗಣಿಬಾಧಿತ ಹಳ್ಳಿಗಳಲ್ಲಿ ಯಾವ ಕೆಲಸಕ್ಕೆ ಬಂದಿದೆ, ಯಾವುದಕ್ಕೆ ಬಂದಿಲ್ಲ ಎಂದು ನೀವು ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.