ಸಂಪಾದಕರ ಉತ್ತರ: 12 ಸೆಕೆಂಡಿನ ಹಾಡು, 17ನೇ ವಿಧಿ

ಮ್ಯೂನಿಕ್‌ನಿಂದ ಬರೆದ ಓದುಗರಿಗೆ ನಮಸ್ಕಾರ.

ಕನ್ನಡ ಸಿನಿಮಾ ವಿಮರ್ಶೆಯ ನಿಮ್ಮ ವಿಡಿಯೊದಲ್ಲಿ 12 ಸೆಕೆಂಡಿನ ಹಾಡಿನ ತುಣುಕು ಇತ್ತೆಂದು ಇಡೀ ವಿಡಿಯೊವನ್ನೇ ತಡೆಹಿಡಿದ ಸಂಗತಿ ಬರೆದಿದ್ದೀರಿ. ಜೊತೆಗೆ ಮೂರು ಆರೋಪ: ಯುರೋಪ್ ಒಕ್ಕೂಟದ ಕಾಪಿರೈಟ್ ಕಾನೂನು ಫಿಲ್ಟರ್ (ಹಾಕುವ ಫೈಲನ್ನು ಯಂತ್ರವೇ ಪರೀಕ್ಷಿಸಿ ತಡೆಯುವ ವ್ಯವಸ್ಥೆ) ಕಡ್ಡಾಯ ಮಾಡಿದೆ, ಲಿಂಕ್‌ಗೆ ತೆರಿಗೆ ಹಾಕಿದೆ, ಅದನ್ನು ವಿರೋಧಿಸಿ 2019ರಲ್ಲಿ ಬೀದಿಗಿಳಿದವರ ಕೂಗು ವ್ಯರ್ಥವಾಯಿತು. ಮೊದಲನೆಯದು ಬಹುಪಾಲು ಸರಿ, ಎರಡನೆಯದು ತಪ್ಪು. ಮೂರನೆಯದಕ್ಕೆ ನಮ್ಮ ತಕರಾರಿದೆ.

ಲಿಂಕ್ ವಿಚಾರ ಬೇಗ ಮುಗಿಸೋಣ. ಆ ಕಾನೂನಿನ ಕರಡಿನಲ್ಲಿ 11 ಆಗಿದ್ದು ಈಗ 15ನೇ ವಿಧಿಯಾಗಿರುವ ಭಾಗ, ಸುದ್ದಿ ಪ್ರಕಾಶಕರಿಗೆ ತಮ್ಮ ಸುದ್ದಿಯ ಆನ್‌ಲೈನ್ ಮರುಬಳಕೆಯ ಮೇಲೆ 2 ವರ್ಷದ ಹಕ್ಕು ಕೊಡುತ್ತದೆ. ಲಿಂಕ್, ಬಿಡಿ ಪದಗಳು, ತೀರಾ ಚಿಕ್ಕ ತುಣುಕುಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ‘ತೀರಾ ಚಿಕ್ಕದು’ ಎಂದರೆ ಎಷ್ಟು ಪದ ಎಂದು ಮಾತ್ರ ಬರೆದಿಲ್ಲ. ಅದು ವಕೀಲರ ಪಾಲಿಗೆ ಬಿಟ್ಟ ಹುಲ್ಲುಗಾವಲು.

ಫಿಲ್ಟರ್ ಇರುವುದು ಅದೇ ಕಾನೂನಿನ 17ನೇ ವಿಧಿಯಲ್ಲಿ, ಕರಡಿನ 13ರಲ್ಲಿ. ಆ ಪದವನ್ನು ಅಲ್ಲಿ ಹುಡುಕಿದರೆ ಸಿಗುವುದಿಲ್ಲ. ಬಳಕೆದಾರರು ಹಾಕಿದ್ದಕ್ಕೂ ಯೂಟ್ಯೂಬ್‌ನಂಥ ವೇದಿಕೆಯೇ ಹೊಣೆ ಎನ್ನುತ್ತದೆ ವಿಧಿ. ಲೈಸೆನ್ಸ್ ಇಲ್ಲದ ವೇದಿಕೆ ಹೊಣೆಯಿಂದ ಪಾರಾಗಬೇಕಾದರೆ ಮೂರನ್ನೂ ತೋರಿಸಬೇಕು: ಲೈಸೆನ್ಸ್‌ಗೆ ಕೈಲಾದಷ್ಟೂ ಪ್ರಯತ್ನಿಸಿದ್ದೇವೆ, ಹಕ್ಕುದಾರರು ಮಾಹಿತಿ ಕೊಟ್ಟ ಕೃತಿಗಳು ಕಾಣಿಸದಂತೆ ನೋಡಿಕೊಳ್ಳಲು ಕೈಲಾದಷ್ಟೂ ಪ್ರಯತ್ನಿಸಿದ್ದೇವೆ, ನೋಟಿಸ್ ಬಂದೊಡನೆ ತೆಗೆದು, ಮತ್ತೆ ಬಾರದಂತೆ ತಡೆಯಲು ಯತ್ನಿಸಿದ್ದೇವೆ. ಎಲ್ಲವನ್ನೂ ಜಾಲಾಡುವ ಕರ್ತವ್ಯ ಹೇರಬಾರದೆಂದು ಅದೇ ವಿಧಿಯ 8ನೇ ಉಪವಿಧಿ ಹೇಳುತ್ತದೆ. ಆದರೆ ಒಂದು ಹಾಡನ್ನು ತಡೆಯಲು ಬರುವ ಪ್ರತಿ ಫೈಲನ್ನೂ ಆ ಹಾಡಿನ ಡಿಜಿಟಲ್ ಬೆರಳಚ್ಚಿಗೆ ಹೋಲಿಸಲೇಬೇಕಲ್ಲ! ಯಂತ್ರಕ್ಕೆ ಹಾಡಿನ ಗುರುತು ಸಿಗುತ್ತದೆ, ಅದನ್ನು ಯಾಕೆ ಬಳಸಿದ್ದಾರೆಂಬುದು ಸಿಗುವುದಿಲ್ಲ. ಕದ್ದದ್ದನ್ನು ಉಳಿಸಿಕೊಂಡರೆ ಪರಿಹಾರ ತೆರಬೇಕು, ಸಕ್ರಮವಾದದ್ದನ್ನು ತಡೆದರೆ ಹೆಚ್ಚೆಂದರೆ ಒಂದು ದೂರು ಬರುತ್ತದೆ. ವೇದಿಕೆ ಯಾವ ಕಡೆ ವಾಲುತ್ತದೆಂದು ನಿಮ್ಮ ಅನುಭವವೇ ಹೇಳುತ್ತಿದೆ.

ಸಂಗೀತಗಾರರ ವಾದವೂ ಸುಳ್ಳಲ್ಲ. ಹಳೆಯ ವ್ಯವಸ್ಥೆಯಲ್ಲಿ ಇವತ್ತು ತೆಗೆಸಿದ ಹಾಡು ನಾಳೆ ಇನ್ನೊಂದು ಖಾತೆಯಲ್ಲಿ ಹಾಜರಾಗುತ್ತಿತ್ತು. ಬೆನ್ನಟ್ಟುವ ಕೆಲಸವೆಲ್ಲ ಅವರದು, ಜಾಹೀರಾತಿನ ಹಣ ವೇದಿಕೆಯದು.

ಇನ್ನು ಕೂಗು. ಜುಲೈ 5, 2018ರಂದು ಯುರೋಪ್ ಸಂಸತ್ತು ಕರಡನ್ನು 318–278ರಿಂದ ತಡೆದದ್ದು ಆಗಿನ ವಿರೋಧದ ಒತ್ತಡದಿಂದಲೇ. ಸೆಪ್ಟೆಂಬರ್‌ನಲ್ಲಿ ತಿದ್ದಿದ ರೂಪ ಪಾಸಾಯಿತು. ಮಾರ್ಚ್ 26, 2019ರ ಅಂತಿಮ ಮತದಲ್ಲಿ 348 ಪರ, 274 ವಿರೋಧ. ಅದಕ್ಕೂ ಕೆಲ ನಿಮಿಷ ಮೊದಲು, ತಿದ್ದುಪಡಿಗಳನ್ನು ಮತಕ್ಕೆ ಹಾಕಬೇಕೇ ಎಂಬ ಪ್ರಶ್ನೆ ಬಂತು. ಹಾಕಿದ್ದರೆ 17ನೇ ವಿಧಿಯನ್ನೇ ಕೈಬಿಡುವ ಸೂಚನೆಗೂ ಮತ ಬೀಳುತ್ತಿತ್ತು. ತಿದ್ದುಪಡಿಗಳನ್ನು ಮತಕ್ಕೆ ಹಾಕುವ ಆ ಪ್ರಸ್ತಾಪ ಬರೀ 5 ಮತಗಳಿಂದ, 312–317ರಲ್ಲಿ ಬಿದ್ದುಹೋಯಿತು. ತಪ್ಪು ಗುಂಡಿ ಒತ್ತಿದೆವೆಂದು ಕೆಲವು ಸದಸ್ಯರು ಆಮೇಲೆ ಹೇಳಿದರು. ಅವರ ಹೆಸರಿನ ಮುಂದಿನ ದಾಖಲೆ ತಿದ್ದಲಾಯಿತು, ಫಲಿತಾಂಶ ತಿದ್ದಲಿಲ್ಲ, ನಿಯಮವೇ ಹಾಗಿದೆ.

ಸೋತರೂ ದಕ್ಕಿದ್ದೇನು? ವಿಕಿಪೀಡಿಯದಂಥ ಲಾಭರಹಿತ ವಿಶ್ವಕೋಶಗಳಿಗೆ ವಿನಾಯಿತಿ. 3 ವರ್ಷ ತುಂಬದ, 1 ಕೋಟಿ ಯೂರೊಗಿಂತ ಕಡಿಮೆ ವಹಿವಾಟಿನ ಸಂಸ್ಥೆಗಳಿಗೆ ಹಗುರ ನಿಯಮ. ಉದ್ಧರಣೆ, ವಿಮರ್ಶೆ, ಅಣಕಕ್ಕೆ ಎಲ್ಲ ಸದಸ್ಯ ದೇಶಗಳಲ್ಲೂ ರಕ್ಷಣೆ. ದೂರು ಕೊಟ್ಟರೆ ಮನುಷ್ಯರೇ ನೋಡಬೇಕೆಂಬ ಷರತ್ತು. ಈ ವಿಧಿಯ ವಿರುದ್ಧ ಪೋಲೆಂಡ್ ಹೂಡಿದ ದಾವೆಯನ್ನು ಯುರೋಪಿನ ನ್ಯಾಯಾಲಯ ಏಪ್ರಿಲ್ 26, 2022ರಂದು ವಜಾ ಮಾಡಿತಾದರೂ, ಸಕ್ರಮ–ಅಕ್ರಮವನ್ನು ಸಾಕಷ್ಟು ಬೇರ್ಪಡಿಸಲಾಗದ ಫಿಲ್ಟರ್ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಹೊಂದುವುದಿಲ್ಲ ಎಂದಿತು. ಪ್ರತಿಭಟನಕಾರರು ಹೇಳುತ್ತಿದ್ದದ್ದೂ ಇದನ್ನೇ.

ಈಗ ನಿಮ್ಮ ವಿಡಿಯೊ. ಆಗಸ್ಟ್ 1, 2021ರಿಂದ ಜರ್ಮನಿಯಲ್ಲಿ ಇದಕ್ಕೆಂದೇ ಪ್ರತ್ಯೇಕ ಕಾಯ್ದೆಯಿದೆ. ಮೂಲ ಕೃತಿಯ ಅರ್ಧಕ್ಕಿಂತ ಕಡಿಮೆ ಬಳಸಿ, ಅದನ್ನು ನಿಮ್ಮದೇ ವಿಷಯದೊಂದಿಗೆ ಬೆರೆಸಿದ್ದರೆ, 15 ಸೆಕೆಂಡಿನವರೆಗಿನ ಧ್ವನಿ ಅಥವಾ ದೃಶ್ಯ, 160 ಅಕ್ಷರಗಳವರೆಗಿನ ಪಠ್ಯ, 125 ಕಿಲೊಬೈಟ್‌ವರೆಗಿನ ಚಿತ್ರವನ್ನು ಯಂತ್ರ ತಾನಾಗಿ ತಡೆಯುವಂತಿಲ್ಲ. ಹಾಡಿನ ಜೊತೆ ಸಿನಿಮಾ ದೃಶ್ಯವೂ ಇದ್ದರೆ ಅದರ ಉದ್ದವನ್ನೂ ನೋಡಿ. ವಿಡಿಯೊದಿಂದ ಗಮನಾರ್ಹ ಆದಾಯ ಬರುತ್ತಿದ್ದರೆ ಈ ದಾರಿ ಮುಚ್ಚುತ್ತದೆ. ಆಗ ಎರಡನೆಯ ದಾರಿ: ‘ಕಾನೂನು ಅನುಮತಿಸಿದ ಬಳಕೆ’ ಎಂದು ಗುರುತು ಹಾಕುವುದು. ಹಾಕುವಾಗಲೇ ತಡೆದರೆ ಹಾಗೆ ಗುರುತಿಸುವ ಅವಕಾಶ ಕೊಡುವುದು ವೇದಿಕೆಯ ಕರ್ತವ್ಯ.

ದೂರಿನಲ್ಲಿ ‘ಇದು ನ್ಯಾಯವಲ್ಲ’ ಎಂದು ಬರೆದರೆ ಕೆಲಸವಾಗದು. ತುಣುಕು ಎಷ್ಟನೇ ನಿಮಿಷದಲ್ಲಿದೆ, ಯಾವ ಸಿನಿಮಾದ್ದು, ಅದರ ಬಗ್ಗೆ ನೀವು ಹೇಳಿದ್ದೇನು ಎಂದು ಬರೆಯಿರಿ. ಹಾಡಿನ ರಾಗವನ್ನೋ ಚಿತ್ರೀಕರಣವನ್ನೋ ಚರ್ಚಿಸುತ್ತ ಕೇಳಿಸಿದ್ದರೆ ಅದು ಉದ್ಧರಣೆ. ನಿಮ್ಮ ಮಾತಿನ ಹಿಂದೆ ಸುಮ್ಮನೆ ಹರಿಯಬಿಟ್ಟಿದ್ದರೆ ಅಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ದೂರು ಕೊಟ್ಟ 1 ವಾರದೊಳಗೆ ವೇದಿಕೆ ತೀರ್ಮಾನಿಸಬೇಕು. ಪದೇ ಪದೇ ಸುಳ್ಳು ಗುರುತು ಹಾಕಿದರೆ ಆ ಸೌಲಭ್ಯವೇ ಕೆಲಕಾಲ ಹೋಗುತ್ತದೆ. ಸುಳ್ಳು ಹಕ್ಕು ಹೇಳುವ ಕಂಪನಿಗಳಿಗೂ ಅಂಥದ್ದೇ ಶಿಕ್ಷೆಯಿದೆ.

ಈ ಅಂಕಿಗಳು ಜರ್ಮನಿಗೆ ಮಾತ್ರ. ಅದೇ ವಿಡಿಯೊವನ್ನು ಬೆಂಗಳೂರಿನಲ್ಲಿ ತಡೆದರೆ ನೀವು ಹಿಡಿಯಬೇಕಾದದ್ದು ನಮ್ಮ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ನನ್ನು. ವಿಮರ್ಶೆಗೆ ಅಲ್ಲೂ ರಕ್ಷಣೆ ಇದೆ, ಆದರೆ ಸೆಕೆಂಡುಗಳ ಲೆಕ್ಕವಿಲ್ಲ.

— ಸಂ.